ಸನ್ನದು ಸಿಕ್ಕ ಮೇಲೆ ಓದುವುದು ಹೇಗೆ: ಹೊಸ ವಕೀಲರಿಗೆ ರಾಯಚೂರಿನಿಂದ

ಎಲ್‌ಎಲ್‌ಬಿ ಮುಗಿಸಿ ಕೋರ್ಟಿಗೆ ಬಂದವರಿಗೆಲ್ಲ ಸೀನಿಯರ್‌ಗಳು ಹೇಳುವುದು ಒಂದೇ ಮಾತು: ‘ಓದ್ರಿ.’ ಏನು ಓದಬೇಕು, ಯಾವಾಗ ಓದಬೇಕು, ಹೇಗೆ ಓದಬೇಕು ಅನ್ನೋದನ್ನ ಕೂತು ಹೇಳಿಕೊಡೋಕೆ ಅವರಿಗೆ ಪುರುಸೊತ್ತು ಇರುವುದಿಲ್ಲ. ಹಗಲೆಲ್ಲ ಕೋರ್ಟು, ಸಂಜೆ ಕಕ್ಷಿದಾರರು, ರಾತ್ರಿ ನಾಳೆಯ ಫೈಲು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ರಾಯಚೂರಿನಲ್ಲಿ ಜೂನಿಯರ್ ವಕೀಲೆ. ಊರು ಮಾನ್ವಿ ಕಡೆಯ ಹಳ್ಳಿ. ನಮ್ಮ ಮನೆಯಲ್ಲಿ ಕಾನೂನು ಓದಿದವಳು ನಾನೇ ಮೊದಲು. ನನ್ನ ಹಾಗೆ ಮನೆಯಲ್ಲಿ ಕೇಳಲು ಯಾರೂ ಇಲ್ಲದೆ ಈ ಕೆಲಸಕ್ಕೆ ಬರುತ್ತಿರುವ ತಂಗಿ ತಮ್ಮಂದಿರಿಗೆ ಇದು ಉಪಯೋಗಕ್ಕೆ ಬರಲಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೂಲ ಕಾಗದವನ್ನು ನಿಮ್ಮ ಕಣ್ಣಿಂದಲೇ ಓದಿ. ಸೆಕ್ಷನ್ ಆದರೆ ಸೆಕ್ಷನ್ನೇ, ತೀರ್ಪಾದರೆ ತೀರ್ಪೇ, ಪಹಣಿಯಾದರೆ ಪಹಣಿಯೇ. ಗೈಡು, ಯೂಟ್ಯೂಬು, ಗ್ರೂಪಿನ ಮೆಸೇಜು, ಇನ್ನೊಬ್ಬರು ಬಾಯಲ್ಲಿ ಹೇಳಿದ ಸಾರಾಂಶ, ಇವೆಲ್ಲ ಆಮೇಲೆ. ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಓದೇ ಇದೆ. ಕೋರ್ಟಿನಲ್ಲಿ ನಿಂತು ಮಾತಾಡುವುದು ಅದರ ಕಡೆಯ ಭಾಗ ಅಷ್ಟೇ.

ದಿನಕ್ಕೊಂದು ಸೆಕ್ಷನ್

ರಾಯಚೂರಿನ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕೂತು ಓದುತ್ತೇನೆ ಅನ್ನುವುದು ಆಗದ ಮಾತು. ರಾತ್ರಿ ಅಂದರೆ ಆಫೀಸಿನಿಂದ ಬರುವಷ್ಟರಲ್ಲಿ ಮೈ ಸೋತಿರುತ್ತೆ. ಹಾಗಾಗಿ ಬೆಳಗಿನ ಹೊತ್ತನ್ನೇ ಇಟ್ಟುಕೊಳ್ಳಿ. ನೀರು ಬರುವ ದಿನ ನೀರು ಹಿಡಿಯಬೇಕು, ಮನೆಗೆಲಸ ಇರುತ್ತೆ, ಎಲ್ಲ ನಿಜ. ಅರ್ಧ ತಾಸು ಸಾಕು. ಒಂದು ಬೇರ್ ಆ್ಯಕ್ಟ್ (ವ್ಯಾಖ್ಯಾನ ಇಲ್ಲದೆ ಬರೀ ಕಾಯ್ದೆಯನ್ನಷ್ಟೇ ಅಚ್ಚು ಹಾಕಿದ ಪುಸ್ತಕ), ಒಂದು ಪೆನ್ಸಿಲ್, ಒಂದು ನೋಟ್‌ಬುಕ್. ಫೋನು ಬೇರೆ ಕೋಣೆಯಲ್ಲಿರಲಿ.

ಬೇರ್ ಆ್ಯಕ್ಟ್ ಕೊಳ್ಳುವಾಗ ಒಂದು ಮಾತು. ನೀವಿನ್ನೂ ಅಖಿಲ ಭಾರತ ವಕೀಲರ ಪರೀಕ್ಷೆ, ಅಂದರೆ ಎಐಬಿಇ, ಬರೆಯಬೇಕಿದ್ದರೆ ಒಂದು ಪ್ರತಿಯನ್ನು ಗೀಚದೆ ಇಟ್ಟುಕೊಳ್ಳಿ. ಆ ಪರೀಕ್ಷೆಗೆ ಬೇರ್ ಆ್ಯಕ್ಟ್ ಒಯ್ಯಬಹುದು, ಟಿಪ್ಪಣಿ ಬರೆದದ್ದು ಒಯ್ಯುವಂತಿಲ್ಲ. ಕೊಳ್ಳಲು ದುಡ್ಡಿಲ್ಲದಿದ್ದರೆ ಇಂಡಿಯಾ ಕೋಡ್ ಜಾಲತಾಣದಲ್ಲಿ ಎಲ್ಲ ಕೇಂದ್ರ ಕಾಯ್ದೆಗಳೂ ಪುಕ್ಕಟೆ ಸಿಗುತ್ತವೆ. ಬೇಕಾದ ಪುಟವನ್ನಷ್ಟೇ ಪ್ರಿಂಟ್ ತೆಗೆಸಿ.

ಓದುವ ರೀತಿ ಹೀಗಿರಲಿ. ಸೆಕ್ಷನ್ನನ್ನು ಮೊದಲು ಒಮ್ಮೆ ಬಾಯಿಬಿಟ್ಟು ಓದಿ. ಆಮೇಲೆ ಉದ್ದ ವಾಕ್ಯವನ್ನು ತುಂಡು ಮಾಡಿ. ಯಾರು, ಏನು ಮಾಡಿದರೆ, ಯಾವ ಷರತ್ತಿನ ಮೇಲೆ, ಏನಾಗುತ್ತೆ. ‘ಪ್ರೊವೈಡೆಡ್ ದಟ್’ ಅಂತ ಬಂದ ಕಡೆ ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿ. ಮೇಲೆ ಕೊಟ್ಟಿದ್ದನ್ನು ಕೆಳಗೆ ಕಿತ್ತುಕೊಳ್ಳುವ ಜಾಗ ಅದೇ. ಕೊನೆಗೆ ಪುಸ್ತಕ ಮುಚ್ಚಿ, ನಿಮ್ಮ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಬರೆಯೋಕೆ ಬರಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತ. ಮತ್ತೆ ಓದಿ.

ಉದಾಹರಣೆಗೆ ಚೆಕ್ ಬೌನ್ಸ್. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ನಮ್ಮಲ್ಲಿ ಹತ್ತಿ, ಭತ್ತದ ವ್ಯಾಪಾರ ದೊಡ್ಡದು. ಗಂಜಿನ ವ್ಯವಹಾರವೆಲ್ಲ ಉದ್ರಿ ಮತ್ತು ಚೆಕ್ಕಿನ ಮೇಲೆ ನಡೆಯುತ್ತೆ. ಹೊಸ ವಕೀಲರ ಕೈಗೆ ಮೊದಲು ಬರೋ ಕೇಸುಗಳಲ್ಲಿ ಇದೂ ಒಂದು. ‘ಚೆಕ್ ಬೌನ್ಸ್ ಆದರೆ 2 ವರ್ಷ ಜೈಲು’ ಅಂತ ಎಲ್ಲರೂ ಹೇಳುತ್ತಾರೆ. ಸೆಕ್ಷನ್ ಓದಿ ನೋಡಿ. 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಅದರ ಕೆಳಗೆ ಮೂರು ಷರತ್ತು. ಚೆಕ್ಕನ್ನು ಅವಧಿಯೊಳಗೆ ಬ್ಯಾಂಕಿಗೆ ಹಾಕಿರಬೇಕು. ಹಣ ಇಲ್ಲ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಟ್ಟಿರಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಆತ ಹಣ ಕೊಡದೆ ಇದ್ದಿರಬೇಕು. ಈ ಮೂರೂ ಕೂಡಿದಾಗಲೇ ಅಪರಾಧ.

ಈಗ ಲೆಕ್ಕ ಹಾಕಿ. ಬ್ಯಾಂಕಿನ ಮೆಮೊ ಜೂನ್ 3ಕ್ಕೆ ಕೈಗೆ ಬಂತು. ನೋಟಿಸ್ ಜುಲೈ 3ರೊಳಗೆ ಹೋಗಬೇಕು. ಅದು ಜುಲೈ 10ಕ್ಕೆ ಆತನಿಗೆ ತಲುಪಿತು. 25ರವರೆಗೆ ಆತನಿಗೆ ಸಮಯ. ಆಮೇಲೆ 142ನೇ ಸೆಕ್ಷನ್ ಪ್ರಕಾರ ದೂರು ಹಾಕಲು ಒಂದು ತಿಂಗಳು. ಇನ್ನೊಂದು ವಿಷಯ 138ರಲ್ಲೇ ಇದೆ. ಚೆಕ್ಕಿನ ಅವಧಿ ಅಂತ ಕಾಯ್ದೆಯಲ್ಲಿ 6 ತಿಂಗಳು ಅಂತ ಕಾಣುತ್ತೆ, ‘ಅಥವಾ ಅದರ ಸಿಂಧುತ್ವದ ಅವಧಿ, ಯಾವುದು ಮೊದಲೋ ಅದು’ ಅಂತಲೂ ಇದೆ. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಆ ಅವಧಿಯನ್ನು 3 ತಿಂಗಳಿಗೆ ಇಳಿಸಿದೆ. ಬರೀ 6 ತಿಂಗಳು ಅನ್ನುವಲ್ಲಿಗೆ ಓದು ನಿಲ್ಲಿಸಿದರೆ ಕಕ್ಷಿದಾರರ ಲಕ್ಷಗಟ್ಟಲೆ ಹಣ ಹೋಗುತ್ತೆ. ಎಲ್ಲಿ ದೂರು ಹಾಕಬೇಕು ಅನ್ನೋದು 142ರಲ್ಲಿ ಇದೆ. ವ್ಯಾಪಾರಿ ಚೆಕ್ಕನ್ನು ತನ್ನ ಸಿಂಧನೂರು ಶಾಖೆಯ ಖಾತೆಗೆ ಜಮಾ ಮಾಡಿದ್ದರೆ ದೂರು ಸಿಂಧನೂರಿನಲ್ಲೇ. 2015ರ ತಿದ್ದುಪಡಿ ಇದನ್ನು ಸ್ಪಷ್ಟ ಮಾಡಿದೆ.

ಒಂದೇ ಸೆಕ್ಷನ್ನಿಗೆ ಇಷ್ಟು ಹೊತ್ತು ಯಾಕೆ ಅನ್ನಬೇಡಿ. ಒಂದನ್ನು ಹೀಗೆ ಓದಿದರೆ ಮುಂದಿನ ಹತ್ತು ಸಲೀಸಾಗುತ್ತವೆ.

ಹಳೇ ಕಾನೂನು, ಹೊಸ ಕಾನೂನು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದಿವೆ. ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿದ ನಂಬರುಗಳೆಲ್ಲ ಬದಲಾದವು. ಕೊಲೆಯ 302 ಈಗ ನ್ಯಾಯ ಸಂಹಿತೆಯ 103, ವಂಚನೆಯ 420 ಈಗ 318(4), ಹೆಂಡತಿಗೆ ಕಿರುಕುಳದ 498ಎ ಈಗ 85, ಜೀವನಾಂಶದ 125 ಈಗ ಸುರಕ್ಷಾ ಸಂಹಿತೆಯ 144. ಆದರೆ ಹಳೆಯದು ಸತ್ತಿಲ್ಲ. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಈಗಲೂ 1860ರ ದಂಡ ಸಂಹಿತೆಯೇ. ಇನ್ನೂ ಎಷ್ಟೋ ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು.

ಹಳೇ ನಂಬರಿಗೆ ಹೊಸ ನಂಬರು ತೋರಿಸುವ ಚಾರ್ಟು ಎಲ್ಲರ ಫೋನಿನಲ್ಲೂ ಇದೆ. ಒಳ್ಳೆಯದೇ, ಇಟ್ಟುಕೊಳ್ಳಿ. ಆದರೆ ಚಾರ್ಟು ಬರೀ ನಂಬರು ಹೇಳುತ್ತೆ. ಕಳ್ಳತನವನ್ನೇ ನೋಡಿ. 379ರ ಎದುರು 303(2) ಅಂತ ಬರೆದಿರುತ್ತೆ, ಅಷ್ಟೇ. 303(2)ನ್ನು ತೆಗೆದು ಪೂರ್ತಿ ಓದಿದರೆ ಕೆಳಗೆ ಒಂದು ಪ್ರೊವಿಸೋ, ಅಂದರೆ ‘ಪ್ರೊವೈಡೆಡ್’ ಅಂತ ಶುರುವಾಗುವ ಭಾಗ, ಸಿಗುತ್ತೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಮೊದಲ ಸಲ ಶಿಕ್ಷೆಗೆ ಒಳಗಾಗುತ್ತಿರುವವ, ಮಾಲು ಅಥವಾ ಅದರ ಬೆಲೆ ವಾಪಸ್ಸು ಕೊಟ್ಟಿದ್ದಾನೆ, ಹೀಗಿದ್ದರೆ ಶಿಕ್ಷೆ ಸಮುದಾಯ ಸೇವೆ. ಹಳೇ ಕಾನೂನಿನಲ್ಲಿ ಇದು ಇರಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಫೋನು ಎತ್ತಿ ಸಿಕ್ಕಿಬಿದ್ದ ಹುಡುಗನ ಕೇಸು ನಿಮಗೆ ಬಂದರೆ ಆ ಪ್ರೊವಿಸೋ ಅವನ ಪಾಲಿಗೆ ಎಷ್ಟು ದೊಡ್ಡದು! ಚಾರ್ಟು ನೋಡಿ ಮುಚ್ಚಿಟ್ಟವರಿಗೆ ಅದು ಕಾಣುವುದೇ ಇಲ್ಲ.

ಫೈಲು ಓದುವುದು

ಸೀನಿಯರ್ ಆಫೀಸಿನಲ್ಲಿ ಫೈಲು ಕೈಗೆ ಬಂದಾಗ ‘ಇದೇನು ಕೇಸು’ ಅಂತ ಕೇಳುವ ಮೊದಲು ಓದಿ. ಎಲ್ಲಿಂದ ಶುರು ಮಾಡಬೇಕು? ನಾನು ಆರ್ಡರ್ ಶೀಟಿನಿಂದ ಶುರು ಮಾಡುತ್ತೇನೆ. ಕೇಸು ಈಗ ಯಾವ ಹಂತದಲ್ಲಿದೆ, ಎಷ್ಟು ಸಲ ವಾಯಿದೆ ಆಗಿದೆ, ಯಾರು ಕೇಳಿದ್ದು, ಕೋರ್ಟು ಏನು ಹೇಳಿದೆ, ಎಲ್ಲ ಅಲ್ಲೇ ಇರುತ್ತೆ. ಆಮೇಲೆ ವಾದಪತ್ರ, ಆಮೇಲೆ ಎದುರಿನವರ ಲಿಖಿತ ಹೇಳಿಕೆ, ಆಮೇಲೆ ದಾಖಲೆ. ಓದುತ್ತಾ ಒಂದು ಬಿಳಿ ಹಾಳೆಯಲ್ಲಿ ತಾರೀಖು ಮತ್ತು ಘಟನೆ ಬರೆಯುತ್ತಾ ಹೋಗಿ. ಬೇರೇನೂ ಬರೆಯಬೇಡಿ. ಸಿವಿಲ್ ಕೇಸಿನಲ್ಲಿ ಅರ್ಧ ಸಮಸ್ಯೆ ತಾರೀಖಿನಲ್ಲೇ ಬಿಚ್ಚಿಕೊಳ್ಳುತ್ತೆ. ಕೈಸಾಲದ ದಾವೆಗೆ 3 ವರ್ಷ, ಒಡೆತನದ ಮೇಲೆ ಸ್ವಾಧೀನ ಕೇಳುವುದಕ್ಕೆ 12 ವರ್ಷ ಅಂತ 1963ರ ಕಾಲಮಿತಿ ಕಾಯ್ದೆ ಹೇಳುತ್ತೆ. ಹಾಳೆ ನೋಡಿದರೆ ಕೇಸು ಮಿತಿಯೊಳಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ಜಮೀನಿನ ಕೇಸಾದರೆ ಪಹಣಿ. ಪಹಣಿಯನ್ನು ನಾವು ಹಳ್ಳಿಯಲ್ಲಿ ಚಿಕ್ಕವರಿದ್ದಾಗಿನಿಂದ ನೋಡಿರುತ್ತೇವೆ, ಆದರೆ ಓದಿರುವುದಿಲ್ಲ. ಮೇಲೆ ಸರ್ವೆ ನಂಬರು, ಹಿಸ್ಸಾ ನಂಬರು. ವಿಸ್ತೀರ್ಣ ಎಕರೆ, ಗುಂಟೆಯಲ್ಲಿ, 40 ಗುಂಟೆಗೆ ಒಂದು ಎಕರೆ. ಅದರಲ್ಲಿ ಖರಾಬು, ಅಂದರೆ ಉಳುಮೆಗೆ ಬಾರದ ನೆಲ, ಎಷ್ಟು ಹೋಗಿದೆ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 10ರಲ್ಲಿ ಅದು ಅವರಿಗೆ ಹೇಗೆ ಬಂತು, ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು ಸಮೇತ. 11ರಲ್ಲಿ ಬ್ಯಾಂಕಿನ ಸಾಲ, ಇತರ ಹಕ್ಕು. 12ರಲ್ಲಿ ಉಳುಮೆ ಮಾಡುತ್ತಿರುವವರು ಯಾರು, ಯಾವ ಬೆಳೆ. 9ರಲ್ಲಿ ಒಬ್ಬರು, 12ರಲ್ಲಿ ಇನ್ನೊಬ್ಬರು ಇದ್ದರೆ ಅಲ್ಲಿ ಒಂದು ಕತೆ ಇದೆ ಅಂತ ತಿಳಿಯಿರಿ. ಕಕ್ಷಿದಾರರನ್ನು ಅದರ ಬಗ್ಗೆಯೇ ಮೊದಲು ಕೇಳಿ. ಒಂದು ವರ್ಷದ ಪಹಣಿ ಸಾಲದು, ಹಿಂದಿನ ಹತ್ತಿಪ್ಪತ್ತು ವರ್ಷದ್ದು ತರಿಸಿ, ಸಾಲಾಗಿ ಜೋಡಿಸಿ, ಹೆಸರು ಯಾವ ವರ್ಷ ಬದಲಾಯಿತು ನೋಡಿ. ಪಹಣಿಯ ನಮೂದನ್ನು ತಪ್ಪು ಅಂತ ಸಾಬೀತಾಗುವವರೆಗೆ ನಿಜ ಅಂತ ಭಾವಿಸಬೇಕು ಅನ್ನುತ್ತೆ ಭೂ ಕಂದಾಯ ಕಾಯ್ದೆಯ 133ನೇ ಸೆಕ್ಷನ್. ಹಾಗಾಗಿ ಆ ಹಾಳೆಯ ಒಂದೊಂದು ಕಾಲಂಗೂ ತೂಕ ಇದೆ.

ನಮ್ಮ ರಾಯಚೂರು, ಕೊಪ್ಪಳದವರಿಗೆ ಇನ್ನೊಂದು ಕೆಲಸ ಜಾಸ್ತಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಹಳೇ ದಾಖಲೆಗಳು ಉರ್ದುವಿನಲ್ಲಿವೆ. ಬಳ್ಳಾರಿ ಆಗ ಮದ್ರಾಸಿನ ಕಡೆ ಇತ್ತು, 1953ರಲ್ಲಿ ಮೈಸೂರಿಗೆ ಬಂತು, ಹಾಗಾಗಿ ಅಲ್ಲಿನವರ ಫೈಲಿನ ಚಹರೆಯೇ ಬೇರೆ. ಉರ್ದು ಕಾಗದ ಬಂದಾಗ ಭಾಷಾಂತರ ಮಾಡಿಸಿ ಹಾಕುತ್ತೇವೆ. ಅದು ಕೋರ್ಟಿಗೆ. ನಿಮಗಾಗಿ ನೀವು ಇನ್ನೊಂದು ಕೆಲಸ ಮಾಡಿ. ಉರ್ದು ಓದಬಲ್ಲ ಹಿರಿಯ ವಕೀಲರು ನಮ್ಮ ವಕೀಲರ ಸಂಘದಲ್ಲಿ ಈಗಲೂ ಇದ್ದಾರೆ. ಅವರ ಪಕ್ಕ ಮೂಲ ಕಾಗದ ಹಿಡಿದು ಕೂತು, ಯಾವ ಸಾಲಿನಲ್ಲಿ ಹೆಸರಿದೆ, ಯಾವುದರಲ್ಲಿ ಸರ್ವೆ ನಂಬರಿದೆ, ವರ್ಷ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿಕೊಳ್ಳಿ. ವರ್ಷ ಫಸಲಿಯಲ್ಲಿದ್ದರೆ, ಅಂದರೆ ಹಳೇ ಕಂದಾಯ ಲೆಕ್ಕದ ವರ್ಷವಾಗಿದ್ದರೆ, 590 ಕೂಡಿಸಿ. 1358 ಫಸಲಿ ಅಂದರೆ 1948-49. ಇವರು ಹೇಳಿಕೊಡುವುದಕ್ಕೆ ಬೇಸರಪಡುವುದಿಲ್ಲ, ಬದಲಿಗೆ ಖುಷಿಪಡುತ್ತಾರೆ. ಅವರಿಂದ ಕಲಿಯುವ ಅವಕಾಶ ನಮ್ಮ ತಲೆಮಾರಿಗೆ ಇನ್ನು ಎಷ್ಟು ದಿನ ಇರುತ್ತೆ ಹೇಳಿ. ಇದನ್ನು ಮುಂದಕ್ಕೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ತೀರ್ಪು ಓದುವುದು

ತೀರ್ಪು ಅಂದರೆ ಹೊಸಬರಿಗೆ ಭಯ. ಪುಟ ಜಾಸ್ತಿ, ಇಂಗ್ಲಿಷ್ ಗಟ್ಟಿ. ತೀರ್ಪಿನ ಮೇಲೆ ಅಚ್ಚು ಹಾಕಿರುವ ಸಾರಾಂಶ, ಅಂದರೆ ಹೆಡ್‌ನೋಟ್, ಓದಿ ಮುಗಿಸಿಬಿಡೋಣ ಅನ್ನಿಸುತ್ತೆ. ಹೆಡ್‌ನೋಟ್ ಬರೆದವರು ನ್ಯಾಯಾಧೀಶರಲ್ಲ, ನೆನಪಿರಲಿ.

ನಮ್ಮ ಭಾಗದಲ್ಲಿ ದಿನಾ ಬೇಕಾಗುವ ಒಂದು ತೀರ್ಪನ್ನೇ ತೆಗೆದುಕೊಳ್ಳಿ. ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ, ಸುಪ್ರೀಂ ಕೋರ್ಟು, 2020ರ ಆಗಸ್ಟ್ 11. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳ ಪಾಲಿನ ವಿಚಾರ. ಮೊದಲ ಸಲ ಓದುವಾಗ ಬರೀ ಪ್ರಶ್ನೆ ಏನು, ಉತ್ತರ ಏನು ಅಂತ ನೋಡಿ. ಪ್ರಶ್ನೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಸೆಕ್ಷನ್ 2005ರ ಸೆಪ್ಟೆಂಬರ್ 9ರಿಂದ ಬದಲಾಯಿತು, ಆ ದಿನ ತಂದೆ ಬದುಕಿರಲೇಬೇಕಾ? ಉತ್ತರ: ಬೇಕಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತೆ. ಎರಡನೇ ಸಲ ಕಾರಣ ಓದಿ. ಹಿಂದಿನ ಎರಡು ತೀರ್ಪುಗಳು ಬೇರೆ ಬೇರೆ ದಿಕ್ಕಿಗೆ ಹೋಗಿದ್ದವು, ಅದಕ್ಕೇ ಮೂವರು ನ್ಯಾಯಮೂರ್ತಿಗಳು ಕೂತರು. ಫೂಲವತಿ ಮತ್ತು ದಾನಮ್ಮ ಕೇಸು. ಎರಡೂ ಕರ್ನಾಟಕದಿಂದಲೇ ಹೋದವು. ಮೂರನೇ ಸಲ ನಿಮ್ಮ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಆಗ ಒಂದು ಜಾಗ ಎದ್ದು ಕಾಣುತ್ತೆ.

‘ನಮ್ಮ ಅಪ್ಪನ ಕಾಲದಾಗ ವಾಟ್ನಿ ಆಗೇತ್ರಿ, ಬಾಯಿ ಮಾತಿನ್ಯಾಗ’ ಅಂತ ಅಣ್ಣತಮ್ಮಂದಿರು ಹೇಳುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ, ಅಲ್ವಾ? ತೀರ್ಪು ಇದಕ್ಕೇ ಉತ್ತರ ಕೊಡುತ್ತೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ಪಾಲು ಉಳಿಯುತ್ತೆ. ಬಾಯಿ ಮಾತಿನ ಪಾಲನ್ನು ಸುಮ್ನೆ ಒಪ್ಪುವಂತಿಲ್ಲ. ಸರ್ಕಾರಿ ದಾಖಲೆಗಳ ಬೆಂಬಲ ಗಟ್ಟಿಯಾಗಿದ್ದರೆ ಮಾತ್ರ, ಅದೂ ಅಪರೂಪಕ್ಕೆ. ಈ ಅಪರೂಪಕ್ಕೆ ಅನ್ನುವ ಭಾಗವನ್ನು ಗ್ರೂಪಿನ ಮೆಸೇಜುಗಳು ಬಿಟ್ಟುಬಿಡುತ್ತವೆ. ಎದುರಿನ ವಕೀಲರು ಬಿಡುವುದಿಲ್ಲ.

ಓದುವಾಗ ಬದಿಯಲ್ಲಿ ಸಣ್ಣ ಗುರುತು ಹಾಕಿ: ಸಂಗತಿಗೆ ‘ಸಂ’, ವಕೀಲರ ವಾದಕ್ಕೆ ‘ವಾ’, ಕೋರ್ಟಿನ ನಿರ್ಣಯಕ್ಕೆ ‘ನಿ’. ವಕೀಲರು ವಾದಿಸಿದ್ದನ್ನೇ ಕೋರ್ಟು ಹೇಳಿದ್ದು ಅಂತ ಓದಿ ತೋರಿಸುವುದು ಬಹಳ ಕಡೆ ನಡೆಯುತ್ತೆ. ಬದಿಯಲ್ಲಿ ‘ವಾ’ ಅಂತ ಇದ್ದರೆ ಕೈ ಅಲ್ಲೇ ನಿಲ್ಲುತ್ತೆ.

ತೀರ್ಪುಗಳು ಎಲ್ಲಿ ಸಿಗುತ್ತವೆ ಅಂದರೆ, ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಅನುವಾದವನ್ನು ಅರ್ಥ ಮಾಡಿಕೊಳ್ಳಲು ಬಳಸಿ, ಕೋರ್ಟಿಗೆ ಇಂಗ್ಲಿಷ್ ಪ್ರತಿಯನ್ನೇ ಒಯ್ಯಿರಿ. ಹೈಕೋರ್ಟಿನ ತೀರ್ಪುಗಳು ಹೈಕೋರ್ಟಿನ ಜಾಲತಾಣದಲ್ಲಿ. ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ. ನಿಮ್ಮ ಪೀಠದ ತೀರ್ಪುಗಳನ್ನು ವಾರಕ್ಕೊಮ್ಮೆ ನೋಡುವ ರೂಢಿ ಮಾಡಿಕೊಳ್ಳಿ. ನಮ್ಮ ಊರಿನ ಜಮೀನು, ನಮ್ಮ ಕೋರ್ಟಿನ ಆದೇಶ ಅಲ್ಲಿ ಏನಾಯಿತು ಅಂತ ಓದುವುದು ಯಾವ ತರಗತಿಗಿಂತಲೂ ಚೆನ್ನಾಗಿ ಕಲಿಸುತ್ತೆ. ತುಂಬ ಉದ್ದದ ತೀರ್ಪುಗಳನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಖಾಸಗಿತನವನ್ನು ಮೂಲಭೂತ ಹಕ್ಕು ಅಂತ 9 ನ್ಯಾಯಮೂರ್ತಿಗಳು 2017ರಲ್ಲಿ ಕೊಟ್ಟ ತೀರ್ಪು ಅಂಥದ್ದು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.

ಸಂವಿಧಾನದ 371ಜೆ ವಿಧಿಯನ್ನೂ ಒಮ್ಮೆ ಪೂರ್ತಿ ಓದಿ. ಒಂದು ಪುಟವೂ ಇಲ್ಲ. ನಮ್ಮ ಭಾಗದ ಓದು, ಉದ್ಯೋಗ, ಅಭಿವೃದ್ಧಿ ಮಂಡಳಿ ಎಲ್ಲ ಅದರ ಮೇಲೆ ನಿಂತಿವೆ. ಅದರ ಹೆಸರಿನಲ್ಲಿ ಸೀಟು ಪಡೆದ ನಾವೇ ಅದನ್ನು ಓದದೆ ಇರಬಾರದು.

ಫೋನು ಮತ್ತು ಎಐ

ಕೋರ್ಟು ಹಾಲಿನಲ್ಲಿ ನಮ್ಮ ಕೇಸು ಕೂಗುವವರೆಗೆ ಕಾಯಬೇಕು. ಆ ಹೊತ್ತಿಗೆ ಕೈ ತಾನಾಗಿಯೇ ಫೋನಿಗೆ ಹೋಗುತ್ತೆ. ಬೆಂಗಳೂರಿಗೆ ಹೋದ ಗೆಳತಿಯರ ಆಫೀಸು, ಸಂಬಳ, ಪ್ರವಾಸ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ನಮಗೆ ಇಲ್ಲಿ ಪೆಟ್ರೋಲಿಗೆ ಸಾಲುವಷ್ಟು ಸಿಕ್ಕರೆ ಹೆಚ್ಚು. ಮನಸ್ಸು ಕುಗ್ಗುವುದು ಸಹಜ. ಅದಕ್ಕೆ ನನ್ನ ಹತ್ತಿರ ಇರುವ ದಾರಿ ಒಂದೇ. ಬ್ಯಾಗಿನಲ್ಲಿ ಯಾವಾಗಲೂ ಒಂದು ತೆಳ್ಳನೆ ಪುಸ್ತಕ ಇಲ್ಲವೇ ಪ್ರಿಂಟ್ ತೆಗೆಸಿದ ಒಂದು ತೀರ್ಪು ಇಟ್ಟಿರುತ್ತೇನೆ. ಇಲ್ಲದಿದ್ದರೆ ನಡೆಯುತ್ತಿರುವ ಪಾಟೀ ಸವಾಲು ಕೇಳುತ್ತೇನೆ. ಹಿರಿಯರು ಸಾಕ್ಷಿಗೆ ಪ್ರಶ್ನೆ ಕೇಳುವುದನ್ನು ಕೇಳುವುದೂ ಓದೇ.

ಗ್ರೂಪಿನಲ್ಲಿ ‘ಸುಪ್ರೀಂ ಕೋರ್ಟಿನ ಮಹತ್ವದ ತೀರ್ಪು’ ಅಂತ ಬಂದರೆ ಮೂರು ನೋಡಿ: ಕೇಸಿನ ಹೆಸರು, ತಾರೀಖು, ಸೈಟೇಶನ್ (ತೀರ್ಪನ್ನು ಹುಡುಕಲು ಕೊಡುವ ನಂಬರು). ಈಗ ಸುಪ್ರೀಂ ಕೋರ್ಟು ತನ್ನದೇ ನಂಬರು ಕೊಡುತ್ತೆ, ವರ್ಷ, ಐಎನ್‌ಎಸ್‌ಸಿ, ಆಮೇಲೆ ಸಂಖ್ಯೆ. ಇವು ಇಲ್ಲದ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ.

ಎಐ ಬಗ್ಗೆ ಬಹಳ ಜನ ಕೇಳುತ್ತಾರೆ. ಬಳಸಿ, ತಪ್ಪಲ್ಲ. ಕಷ್ಟದ ಇಂಗ್ಲಿಷ್ ಪ್ಯಾರಾ ಅರ್ಥ ಮಾಡಿಸಿಕೊಳ್ಳೋಕೆ ಒಳ್ಳೆಯದು. ಆದರೆ ಅದು ಹೇಳಿದ ಕೇಸನ್ನು ನೀವೇ ತೆರೆದು ಓದದೆ ಅರ್ಜಿಯಲ್ಲಿ ಹಾಕಬೇಡಿ. 2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ಕೇಸುಗಳನ್ನು ಹಾಗೇ ಹಾಕಿದರು. ಅಂಥ ಕೇಸುಗಳೇ ಇರಲಿಲ್ಲ. ಕೋರ್ಟು 5,000 ಡಾಲರ್ ದಂಡ ಹಾಕಿತು. ದಂಡ ಕಟ್ಟಬಹುದು, ಜಡ್ಜ್ ಮುಂದೆ ಹೋದ ನಂಬಿಕೆಯನ್ನು ಎಲ್ಲಿಂದ ತರುವುದು? ಕಕ್ಷಿದಾರರ ಹೆಸರು, ದಾಖಲೆಗಳನ್ನಂತೂ ಅಂಥ ಕಡೆ ಹಾಕಲೇಬೇಡಿ. ಅವು ನಮ್ಮವಲ್ಲ.

ಕಾನೂನು ಬಿಟ್ಟು ಬೇರೆ ಓದು

ಇದು ಬೇಕೇ ಬೇಕು. ಕಥೆ, ಕಾದಂಬರಿ, ವಚನ, ದಾಸರ ಪದ, ದಿನಪತ್ರಿಕೆ, ಯಾವುದಾದರೂ ಸರಿ, ಕನ್ನಡದಲ್ಲಿ ಓದಿ. ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ವಾದಪತ್ರ, ಅಫಿಡವಿಟ್ ಎಷ್ಟೋ ಸಲ ಕನ್ನಡದಲ್ಲಿ ಬರೆಯಬೇಕಾಗುತ್ತೆ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಬಂದವರಿಗೆ ಒಂದು ಸರಳ ಕನ್ನಡ ವಾಕ್ಯ ಕಟ್ಟೋಕೆ ಕೈ ಬರುವುದಿಲ್ಲ, ‘ಸದರಿ’, ‘ಮೇಲ್ಕಂಡ’ ಅಂತ ಸಿಕ್ಕಿಕೊಳ್ಳುತ್ತಾರೆ. ಒಳ್ಳೆಯ ಕಥೆ ಓದಿದವರು ಹೊಲದ ಜಗಳವನ್ನು ಬರೆದರೆ ಜಡ್ಜ್‌ಗೆ ಆ ಹೊಲ ಕಾಣುತ್ತೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಬೇಕು ಅಂದುಕೊಂಡವರಿಗೆ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್-ಕನ್ನಡ ಭಾಷಾಂತರದ ಒಂದು ಪತ್ರಿಕೆಯೇ ಇದೆ. ದಿನಾ ಒಂದು ಪ್ಯಾರಾ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಮಾಡಿದರೆ ಅದಕ್ಕೆ ಬೇರೆ ತಯಾರಿಯೇ ಬೇಕಿಲ್ಲ.

ಪುಸ್ತಕಕ್ಕೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯದ ಕರವೂ ಹೋಗುತ್ತೆ, 1965ರ ಕಾಯ್ದೆ ಹಾಗಿದೆ. ಅದು ನಮ್ಮದೇ ಜಾಗ. ಬೇಸಿಗೆಯಲ್ಲಿ ಅಲ್ಲಿ ಕೂತು ಓದುವ ಹುಡುಗರ ಸಾಲು ನೋಡಿದರೆ ನನಗೆ ಧೈರ್ಯ ಬರುತ್ತೆ.

ಒಮ್ಮೆ ಮಸ್ಕಿಗೂ ಹೋಗಿ ಬನ್ನಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರಿಗೆ ಅಲ್ಲಿನ ಬಂಡೆಯ ಶಾಸನ ಸಿಕ್ಕಿತು. ಅಲ್ಲಿಯವರೆಗೆ ಸಿಕ್ಕ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತಷ್ಟೇ ಇತ್ತು, ಅದು ಯಾವ ರಾಜ ಅಂತ ವಿದ್ವಾಂಸರು ಚರ್ಚೆ ಮಾಡುತ್ತಿದ್ದರು. ಮಸ್ಕಿಯ ಕಲ್ಲಿನಲ್ಲಿ ಅಶೋಕ ಅಂತ ಹೆಸರೇ ಇತ್ತು. ಮೂಲ ಓದಿ ಅಂತ ನಾನು ಹೇಳುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ.

ಓದಲು ಬಾರದವರಿಗೆ ಓದಿ ಹೇಳುವುದು

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ನ್ನೂ ಮುಟ್ಟಿರಲಿಲ್ಲ. ನಮ್ಮ ಆಫೀಸಿಗೆ ಬರುವ ಅನೇಕರು ಹೆಬ್ಬೆಟ್ಟು ಒತ್ತುವವರು. ‘ನಮಗ ಓದಾಕ ಬರಂಗಿಲ್ಲವ್ವ, ನೀವ ನೋಡಿ ಹಾಕ್ರಿ’ ಅಂತ ಕಾಗದವನ್ನು ನಮ್ಮ ಕಡೆ ಸರಿಸುತ್ತಾರೆ. ಇಷ್ಟೊತ್ತು ಹೇಳಿದ ಓದೆಲ್ಲ ಇವರಿಗಾಗಿಯೇ. ವಾದಪತ್ರದ ಕೊನೆಯಲ್ಲಿ ‘ಮೇಲಿನದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ’ ಅಂತ ಪ್ರಮಾಣೀಕರಿಸುವವರು ಅವರು, ನಾವಲ್ಲ. ಏನು ಬರೆದಿದೆ ಅಂತ ಗೊತ್ತಿಲ್ಲದೆ ಅವರ ಹೆಬ್ಬೆಟ್ಟು ತೆಗೆದುಕೊಳ್ಳುವುದು ಅನ್ಯಾಯ. ನಾಳೆ ಪಾಟೀ ಸವಾಲಿನಲ್ಲಿ ‘ಇದರಲ್ಲಿ ಏನಿದೆ ಹೇಳಮ್ಮ’ ಅಂದಾಗ ಕಟಕಟೆಯಲ್ಲಿ ನಿಲ್ಲುವವರು ಅವರೇ.

ಹೇಗೆ ಓದಿ ಹೇಳಬೇಕು? ಮೊದಲು ಕೂರಿಸಿ, ನೀರು ಕೊಡಿ. ಜೊತೆಗೆ ಬಂದ ಮಗನಿಗೋ ಅಳಿಯನಿಗೋ ಅಲ್ಲ, ಅವರಿಗೇ ಹೇಳಿ. ಪುಸ್ತಕದ ಭಾಷೆಯಲ್ಲಿ ಬೇಡ, ಅವರ ಮಾತಿನಲ್ಲಿ. ಒಂದು ಪ್ಯಾರಾ ಓದಿ ನಿಲ್ಲಿಸಿ. ‘ಹೌದಾ ಯವ್ವಾ?’ ಅಂತ ಕೇಳಿದರೆ ‘ಹೌದು’ ಅಂತಲೇ ಹೇಳುತ್ತಾರೆ, ವಕೀಲರ ಮುಂದೆ ಇಲ್ಲ ಅನ್ನಬಾರದು ಅಂತ. ಅದಕ್ಕೆ ತಿರುಗಿಸಿ ಕೇಳಿ: ‘ಹೊಲದ ಮೂಡಲಿಗೆ ಯಾರ ಹೊಲ ಐತಿ? ಪಡುವಲಿಗೆ ಏನೈತಿ, ಹಳ್ಳನೋ ದಾರಿನೋ?’ ಅವರು ಹೇಳಿದ್ದನ್ನು ನೀವು ಟೈಪ್ ಮಾಡಿಸಿದ ಚೆಕ್ಕುಬಂದಿಗೆ ಹೋಲಿಸಿ. ಕ್ರಯಪತ್ರದಲ್ಲಿ ಒಂದು ಇರುತ್ತೆ, ನೆಲದ ಮೇಲೆ ಇನ್ನೊಂದು ಇರುತ್ತೆ. ಪಕ್ಕದ ಹೊಲದವರು ಮಾರಿ ಎಷ್ಟೋ ವರ್ಷ ಆಗಿರುತ್ತೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 3ನೇ ನಿಯಮ ಆಸ್ತಿಯನ್ನು ಗುರುತಿಸುವಂತೆ ವಿವರಿಸಬೇಕು ಅನ್ನುತ್ತೆ. ಆ ವಿವರ ಗೊತ್ತಿರುವುದು ಆ ಹೊಲದಲ್ಲಿ ಕಳೆ ತೆಗೆದ ಅಜ್ಜಿಗೇ ಹೊರತು ನಮಗಲ್ಲ.

ತಪ್ಪು ಸಿಕ್ಕರೆ ಆಗಲೇ ಹೊಡೆದುಹಾಕಿ ಮತ್ತೆ ಟೈಪ್ ಮಾಡಿಸಿ, ಒಂದು ದಿನ ತಡವಾದರೂ ಪರವಾಗಿಲ್ಲ. ಒಮ್ಮೆ ದಾವೆ ಹಾಕಿದ ಮೇಲೆ 6ನೇ ಆದೇಶದ 17ನೇ ನಿಯಮದಡಿ ತಿದ್ದುಪಡಿ ಅರ್ಜಿ ಹಾಕಬೇಕು. ವಿಚಾರಣೆ ಶುರುವಾದ ಮೇಲಂತೂ, ಎಷ್ಟು ಎಚ್ಚರ ವಹಿಸಿದ್ದರೂ ಇದನ್ನು ಮೊದಲೇ ತರಲು ಆಗಲಿಲ್ಲ ಅಂತ ಕೋರ್ಟಿಗೆ ಒಪ್ಪಿಸಬೇಕು. ಅದು ಸುಲಭ ಅಲ್ಲ. ಹಾಗಾಗಿ ತಿದ್ದಿದ ಹಾಳೆಯನ್ನು ಅವರಿಗೆ ಇನ್ನೊಮ್ಮೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ.